ಅಳಿವೆ ಕಡೆಯ ಕಿಟಕಿಯಿಂದ ಹೊರಗೆ ನೋಡದಿರುವ ಬಗ್ಗೆ

ದೋಣಿ ವಿಚಾರಣಾ ಶಾಖೆ, ಕಾಸರಕೋಡ
ಸಂಖ್ಯೆ: ದೋವಿಶಾ/ಕಿಟಕಿ/07/2025-26

ವಿಷಯ: ಶಾಖೆಯ ಫೋನು ಕೆಲಸವನ್ನು ಹೊರದೇಶದ ಕಚೇರಿಗೆ ವಹಿಸಿದ ಮೇಲೂ ಸಿಬ್ಬಂದಿ ಸಮುದ್ರ ನೋಡುತ್ತಿರುವ ಕುರಿತು.

ಉಲ್ಲೇಖ: 1) ಹೊರದೇಶದ ಕಚೇರಿಯ ಇಮೇಲ್: "ಆಕಾಶ ನಿರ್ಮಲ."
2) ಸದರಿ ಇಮೇಲ್ ಓದುವಾಗ ಸಹಿದಾರರ ಕನ್ನಡಕದ ಮೇಲೆ ಬಿದ್ದ ಮಳೆಹನಿ.

ಕಳೆದ ಸೋಮವಾರ ಬೆಳಿಗ್ಗೆ ಪಡುಗಾಳಿ ಎದ್ದು, ಅಳಿವೆಯ ಮೇಲೆ ಮುಗಿಲು ಕಪ್ಪಾಗಿ, ಆರೂವರೆಗೆ ಮಳೆ ಹಿಡಿಯಿತು. ಹೊರದೇಶದ ಕಚೇರಿಯ ಪ್ರಕಾರ ಅಂದು ಬಿಸಿಲು. ಒಪ್ಪಂದದಂತೆ ಅವರ ಮಾತೇ ಅಂತಿಮವಾದ್ದರಿಂದ, ಅಂದು ನೆನೆದವರೆಲ್ಲ ಒಣಗಿದ್ದಾರೆಂದು ಪರಿಗಣಿಸಲಾಗಿದೆ. ಮುಂದುವರಿದು, ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ದೋಣಿಯವರು ಹೊರಡುವ ಮುನ್ನ ಶಾಖೆಗೆ ಫೋನು ಮಾಡಿ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ತೆರೆ ಹೇಗಿದೆ ಎಂದು ವಿಚಾರಿಸುವುದು ವಾಡಿಕೆ. ಗುಮಾಸ್ತೆ ಶ್ರೀಮತಿ ಕಮಲಿಯವರು ಇಪ್ಪತ್ತೆರಡು ವರ್ಷ ದೇವರಿಗೆ ದೀಪ ಹಚ್ಚಿ, ಕಿಟಕಿ ತೆರೆದು, ನೀರಿನ ಬಣ್ಣ ನೋಡಿ ಉತ್ತರಿಸಿರುತ್ತಾರೆ. ಈ ಪದ್ಧತಿಯಲ್ಲಿ ಯಾವ ನಮೂನೆಯೂ ಭರ್ತಿಯಾಗದ ಕಾರಣ ಕೈಬಿಡಲಾಗಿದೆ. ಅವರ ಕುರ್ಚಿಯನ್ನು ಉಗ್ರಾಣಕ್ಕೂ, ಅವರನ್ನು ಕುರ್ಚಿಯಿಲ್ಲದ ಮೂಲೆಗೂ ವರ್ಗಾಯಿಸಲಾಗಿದ್ದು, ತಿಂಗಳ ಕೊನೆಗೆ ಕೆಲಸದಿಂದಲೇ ಬಿಡುಗಡೆ ಮಾಡಲಾಗುವುದು.

2. ಅಲ್ಲಿಯವರೆಗೆ ಹೊರದೇಶದ ಗುಮಾಸ್ತೆಗೆ ಫೋನಿನಲ್ಲಿ ತರಬೇತಿ ನೀಡುವ ಹೊಣೆ ಕಮಲಿಯವರದೇ. ಅವರು "ಅದು ಹೇಳ್ಕೊಡುದಲ್ಲ ತಂಗೀ, ನೋಡುದು" ಎಂದಿದ್ದು, ಇದರೊಂದಿಗೆ ತರಬೇತಿ ಸಂಪೂರ್ಣಗೊಂಡಿದೆ.

3. ಗುಣಮಟ್ಟ: ಸೋಮವಾರ ದೋಣಿ ಮಾಲೀಕ ದೇವರಾಜರು ಹೊರದೇಶದ ಹೊಸ ನಂಬರಿಗೆ ಫೋನು ಮಾಡಿ "ಅಳಿವೆ ಹ್ಯಾಂಗದೆ?" ಎಂದು ಕೇಳಲಾಗಿ, ಹೊರದೇಶದ ಗುಮಾಸ್ತೆಯು ಬರೆದಿಟ್ಟ ಕನ್ನಡ ಓದುತ್ತ ಪಿನ್‌ಕೋಡ್ ವಿಚಾರಿಸಿ, ಶುಭಪ್ರಯಾಣ ಕೋರಿ, ಸೇವೆಗೆ ಐದರಲ್ಲಿ ಅಂಕ ಬೇಡಿರುತ್ತಾರೆ. "ಅಂಕ ಎಂತಕ್ಕೆ ಮಾರಾಯ್ತಿ, ಕಮಲಕ್ಕನ್ನ ಕರಿ!" ಎಂಬ ಉತ್ತರವನ್ನು ಐದು ಅಂಕವೆಂದು ದಾಖಲಿಸಲಾಗಿದೆ.

4. ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ಬಿಡುವ ತೆಂಗಿನಕಾಯಿಯನ್ನೂ ಇನ್ನು ಹೊರದೇಶದ ಕಚೇರಿಯವರು ಆಚೆ ದಡದಿಂದಲೇ ಅರ್ಪಿಸತಕ್ಕದ್ದು. ಸಮುದ್ರ ಒಂದೇ ಆದ್ದರಿಂದ ತಲುಪುವುದೆಂದು ಭಾವಿಸಲಾಗಿದೆ. ಕಾಯಿ ತೇಲಿ ಇತ್ತ ಬಂದಲ್ಲಿ, ಚಟ್ನಿ ಮಾಡದೆ, ಸ್ವೀಕೃತಿ ಕಳುಹಿಸತಕ್ಕದ್ದು.

5. ಅದೇ ಸೋಮವಾರ ಕಮಲಿಯವರು ಅನುಮತಿಯಿಲ್ಲದೆ ಕಿಟಕಿ ತೆರೆದು, ಹೊರಟಿದ್ದ ದೇವರಾಜರ ದೋಣಿಗೆ ಕೊಡೆ ಬೀಸಿ, "ಹೋಗ್ಬೇಡ್ರೋ! ಹಿಂದೆ ಬನ್ರೋ!" ಎಂದು ಕೂಗಿರುವುದು ಶಿಸ್ತುಭಂಗ. ದೋಣಿ ತಿರುಗಿತು. ಅದು ಹೋಗಬೇಕಿದ್ದ ಜಾಗದಲ್ಲಿ ಎರಡಾಳೆತ್ತರದ ತೆರೆ ಮುರಿದು ಬಿತ್ತು. ಸದರಿ ತೆರೆಯು ಹೊರದೇಶದ ದಾಖಲೆಯಲ್ಲಿ ಇಲ್ಲದ ಕಾರಣ, ಬಂದಿಲ್ಲವೆಂದು ತೀರ್ಮಾನಿಸಲಾಗಿದೆ.

6. ಅಂದಿನಿಂದ ಕಿಟಕಿಗೆ ಬೀಗ ಜಡಿದು, ಕೀಲಿಕೈಯನ್ನು ಸಹಿದಾರರ ಕಿಸೆಯಲ್ಲಿ ಇರಿಸಲಾಗಿದೆ. ಗಾಜಿನ ಮೂಲಕ ಅಕಸ್ಮಾತ್ ಸಮುದ್ರ ಕಂಡವರು ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ಸಮುದ್ರದಿಂದಲೂ ವಿವರಣೆ ಕೇಳಲಾಗಿದೆ. ಉತ್ತರ ಬಂದಿಲ್ಲ, ಸದ್ದು ಮಾತ್ರ ಬರುತ್ತಿದೆ.

7. ಸದರಿ ದೋಣಿಯಲ್ಲಿ ಸಹಿದಾರರ ತಮ್ಮ ಅರುಣನೂ ಇದ್ದನೆಂಬುದಕ್ಕೂ, ಅವನು ಮಧ್ಯಾಹ್ನ ಮನೆಯಲ್ಲಿ ಕೂತು ಗಂಜಿ ಉಂಡನೆಂಬುದಕ್ಕೂ, ಕೆಳಗಿನ ಪ್ರತಿಗಳ ಪಟ್ಟಿಗೂ ಯಾವುದೇ ಸಂಬಂಧವಿರುವುದಿಲ್ಲ.

ಸಹಿ/-
ಶ್ರೀಧರ
ಶಾಖಾಧಿಕಾರಿ

ಪ್ರತಿಗಳು:
1. ಹೊರದೇಶದ ಕಚೇರಿಗೆ: ಅಂದಿನ ಬಿಸಿಲು ಉಳಿದಿದ್ದಲ್ಲಿ ಸ್ವಲ್ಪ ಕಳುಹಿಸಿಕೊಡುವ ಕೋರಿಕೆಯೊಂದಿಗೆ.
2. ದೇವರಾಜರಿಗೆ: ನಾಳೆಯಿಂದ ಹಳೆಯ ನಂಬರಿಗೇ ಫೋನು ಮಾಡಲು.
3. ಉಗ್ರಾಣಕ್ಕೆ: ಕುರ್ಚಿ ಒಂದು, ಧೂಳು ಒರೆಸಿ, ಕಿಟಕಿಯ ಬಳಿ ಇಡಲು.
4. ಶ್ರೀಮತಿ ಕಮಲಿಯವರಿಗೆ: ಕೀಲಿಕೈ ಸಹಿತ, ಎಲ್ಲರೂ ಊಟಕ್ಕೆ ಎದ್ದಾಗ, ಖುದ್ದು ಕೈಗೆ. ಸ್ವೀಕೃತಿ ಬೇಕಿಲ್ಲ.