ಸಣ್ಣ ಉರಿಯಲ್ಲಿ ನರ್ಸಮ್ಮನ ಕೂದಲು

“ಇವತ್ತು ಸಂಜೆಯೊಳಗೆ ಸಿಮ್ಮರ್ ಅನ್ನೋ ಪದವನ್ನ ಜೀವಂತ ಹಿಡೀದೇ ಇದ್ರೆ ನನ್ನ ಹೆಸರು ಬದಲಾಯಿಸಿಬಿಡು!” ಎಂದು ನಿಘಂಟು ಅಡುಗೆಮನೆ ಬಾಗಿಲಲ್ಲಿ ನಿಂತು ಗುಡುಗಿದ.

“ಬದಲಾಯಿಸೋಕೆ ಹೆಸರೆಲ್ಲಿ ಉಳಿದಿದೆ? ಬೀದಿಗೆ ಬೀದಿಯೇ ನಿಮ್ಮನ್ನ ನಿಘಂಟು ಅನ್ನುತ್ತೆ,” ಎಂದಳು ಹೆಂಡತಿ, ಒಲೆಯಿಂದ ಕಣ್ಣು ತೆಗೆಯದೆ.

ಪದಕೋಶದ ಕಚೇರಿಯಲ್ಲಿ ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬರೆಯುವುದು ಅವನ ಕೆಲಸ. ಹಿಂದಿನ ದಿನವಷ್ಟೇ ಸಂಪಾದಕಿ ಅವನ ಬರಹವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಮಾನ ಹರಾಜು ಹಾಕಿದ್ದರು. “ಬಾಯ್ಲ್ ಅಂದ್ರೆ ಕುದಿಸು. ಸ್ಟ್ಯೂ ಅಂದ್ರೆ ಕುದಿಸು. ಸಿಮ್ಮರ್ ಅಂದ್ರೂ ಕುದಿಸು! ಅಲ್ಲ ಸ್ವಾಮಿ, ನಿಮ್ಮನೇಲಿ ಒಲೆ ಇದೆಯೋ ಇಲ್ವೋ?” ಇಡೀ ಕಚೇರಿ ಹೊಟ್ಟೆ ಹಿಡಿದು ನಕ್ಕಿತ್ತು. ಆ ಉರಿಯಲ್ಲೇ ಅವನು ಇವತ್ತು ರಜೆ ಹಾಕಿ, ಕ್ರಿಯಾಪದವನ್ನು ಕಣ್ಣಾರೆ ಕಾಣಲು ಒಲೆಯ ಬಳಿ ಬಂದು ನಿಂತಿದ್ದ.

ಆದರೆ ಒಲೆಯ ಮೇಲೆ ಅಡುಗೆ ಇರಲಿಲ್ಲ. ಹೆಂಡತಿ ವಿಗ್ ಕಟ್ಟುವವಳು. ಆ ಅಗಲ ಪಾತ್ರೆಯಲ್ಲಿ ಮುಳುಗಿದ್ದದ್ದು ಕೂದಲು! ಪಕ್ಕದ ಬೀದಿಯ ನರ್ಸಮ್ಮನದು. ಹರೆಯದಲ್ಲಿ ಕತ್ತರಿಸಿದ ಮೊಣಕಾಲುದ್ದದ ಜಡೆಯನ್ನು ಆಕೆ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಈಗ ಕಾಯಿಲೆ ಬಂದು ತಲೆ ಪೂರ್ತಿ ಬೋಳಾಗಿತ್ತು. ಮರುದಿನ ಹಳೆಯ ಆಸ್ಪತ್ರೆಯ ಗೆಳತಿಯರೆಲ್ಲ ಸೇರುವವರಿದ್ದರು. “ಅವರ ಮುಂದೆ ರೋಗಿ ಥರ ಹೋಗಲ್ಲಮ್ಮ. ನನ್ನ ಕೂದಲೇ ನನಗೆ ಬೇಕು, ಗುಂಗುರು ಮಾಡಿಕೊಡು,” ಎಂದು ಜಡೆಯನ್ನು ಇವಳ ಮಡಿಲಿಗೆ ಹಾಕಿ ಹೋಗಿದ್ದರು. ವಿಗ್ಗಿನ ಹಿಂಭಾಗ ಮುಗಿದಿತ್ತು. ಹಣೆಯ ಮೇಲೆ ಬರಬೇಕಾದ ಕೂದಲು ಮಾತ್ರ ಮರದ ಕಡ್ಡಿಗಳಿಗೆ ಸುತ್ತಿಸಿಕೊಂಡು, ದಾರ ಕಟ್ಟಿಸಿಕೊಂಡು, ನೀರಿನಲ್ಲಿ ಸಣ್ಣಗೆ ಕಾಯುತ್ತಿತ್ತು.

“ನಾಟಕದ ಕಂಪನಿಗೆ ಹೋಗಿ ತಲೆ ಅಳತೆ ತಗೊಂಡು ಬಂದುಬಿಡ್ತೀನಿ. ರೀ, ಇಲ್ಲಿ ಕೇಳಿ. ಒಲೆ ಸಿಮ್‌ನಲ್ಲೇ ಇರಲಿ. ನೀರು ಕುದೀಬಾರದು. ಕುದಿಯೋಕೆ ಮನಸ್ಸು ಮಾಡ್ತಾ ಇರಬೇಕು, ಅಷ್ಟೇ. ಮುಚ್ಚಳ ಮುಟ್ಟಬೇಡಿ.”

“ನನಗೆ ಸಿಮ್ಮರ್ ಹೇಳಿಕೊಡ್ತೀಯಾ? ಹೋಗ್ಬಾ ಹೋಗ್ಬಾ!”

“ಅದು ಹಾಳಾದ್ರೆ ಅಂಗಡೀಲಿ ಸಿಗೋ ಸಾಮಾನಲ್ಲ ಕಣ್ರೀ,” ಎಂದು ಎರಡೆರಡು ಸಲ ಹೇಳಿ ಅವಳು ಹೊರಟಳು.

ಮನೆ ನಿಶ್ಶಬ್ದವಾಯಿತು. ಹೊರಗೆ ಮೋಡ ಕವಿದು ಹಗಲೇ ಮಬ್ಬಾಗಿತ್ತು. ನಿಘಂಟು ನಡುಮನೆಯಲ್ಲಿ ಕೂತು ಪೆನ್ನಿನ ಟೋಪಿ ತೆಗೆದ. ಆಗ ಕೇಳಿಸಿತು. ಅಡುಗೆಮನೆಯಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು.

ಹೆಂಗಸಿನ ಧ್ವನಿ. ಮಾತು ಸ್ಪಷ್ಟವಿಲ್ಲ. ತಡೆತಡೆದು, ಉಸಿರೆಳೆದು, ಯಾರ ಮೇಲೋ ಚಾಡಿ ಹೇಳುವ ಧಾಟಿ. ಅವನು ಹೆಜ್ಜೆಯ ಸದ್ದಾಗದಂತೆ ಹೋಗಿ ಇಣುಕಿದ. ಯಾರೂ ಇಲ್ಲ. ಪಿಸುಮಾತು ಪಾತ್ರೆಯೊಳಗಿಂದ! ಮುಚ್ಚಳ ಎತ್ತಿದ. ಒಳಗೆ ಗಪ್‌ಚಿಪ್. ಕರಿ ನೀರು ಕದಲದೆ ಅವನನ್ನೇ ನೋಡುತ್ತಿತ್ತು.

ಮುಚ್ಚಳ ತೆಗೆದರೆ ಬಿಸಿ ಹಾರಿ ನೀರು ಸುಮ್ಮನಾಗುತ್ತದೆ ಎಂಬುದು ಒಂದು ದಿನ ಒಲೆ ಹಚ್ಚಿದವರಿಗೂ ಗೊತ್ತು. ಇವನು ಹಚ್ಚಿದವನಲ್ಲ. ಮುಚ್ಚಿಟ್ಟು ನಡುಮನೆಗೆ ಬಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಶುರು! ಈಗ ಪಿಸುಮಾತಿನ ಜೊತೆಗೆ ಟಕ್, ಟಕ್, ಟಕ್. ಯಾರೋ ಒಳಗಿನಿಂದ ಬೆರಳ ಗಂಟಿನಲ್ಲಿ ಬಾಗಿಲು ತಟ್ಟಿದ ಹಾಗೆ. ಕಡ್ಡಿಗಳು ಪಾತ್ರೆಗೆ ತಾಗುತ್ತಿವೆ ಎಂದು ಅವನ ಬುದ್ಧಿ ಹೇಳಿತು. ಬುದ್ಧಿಯ ಮಾತನ್ನು ಅವನ ಕಿವಿಗಳು ಒಪ್ಪಲಿಲ್ಲ.

“ಯಾ... ಯಾರದು?” ಎಂದ.

ಟಕ್, ಎಂದಿತು ಪಾತ್ರೆ.

ಮತ್ತೆ ಹೋಗಿ ಮುಚ್ಚಳ ಎತ್ತಿದ. ಮೌನ. ಮುಚ್ಚಿದ. ಕಾದ. ಪಿಸುಪಿಸು. ಎತ್ತಿದ. ಮೌನ! ಅವನು ನೋಡುತ್ತಿರುವಾಗ ಬಾಯಿ ಮುಚ್ಚಿಕೊಂಡು, ಬೆನ್ನು ತಿರುಗಿಸಿದೊಡನೆ ಮಾತಾಡುವಂಥದ್ದು ನೀರಲ್ಲ, ಖಂಡಿತ ನೀರಲ್ಲ. ಹೆಂಡತಿ ಬಂದು “ಇದ್ಯಾಕ್ರೀ ತಣ್ಣಗಾಗಿದೆ?” ಎಂದರೆ ಏನು ಹೇಳುವುದು? ದೆವ್ವ ಆರಿಸಿತು ಎನ್ನುವುದೇ? ಕಳೆದುಹೋದ ಬಿಸಿಯನ್ನು ಒಂದೇ ಏಟಿಗೆ ತುಂಬಿಕೊಟ್ಟುಬಿಡೋಣವೆಂದು ಆ ಮಹಾನುಭಾವ ಒಲೆಯ ಕಿವಿಯನ್ನು ಕೊನೆಯವರೆಗೂ ತಿರುಚಿದ. ಮುಚ್ಚಳದ ಮೇಲೆ ಭದ್ರವಾಗಿ ಒರಳುಕಲ್ಲಿನ ಗುಂಡನ್ನೂ ಇಟ್ಟ.

ಪಾತ್ರೆ ಮೊದಲು ಗೊಣಗಿತು. ಆಮೇಲೆ ನರಳಿತು. ಕಡ್ಡಿಗಳು ದಬದಬನೆ ಗುದ್ದತೊಡಗಿದವು. ಮುಚ್ಚಳ ಅದುರಿ ಅದುರಿ ಗುಂಡು ಉರುಳಿ ನೆಲಕ್ಕೆ ಬಿತ್ತು, ಮುಚ್ಚಳ ಹಾರಿತು, ಹಬೆ ಬುಸ್ಸೆಂದು ಸೂರಿಗೆ ಏರಿತು! ಕುದಿಯುವ ನೀರಿನ ಜೊತೆ ಕೂದಲೂ ಎದ್ದು ಬಂತು. ದಾರ ಬಿಚ್ಚಿಹೋಗಿ, ಕಪ್ಪಗೆ, ಉದ್ದುದ್ದ, ಪಾತ್ರೆಯ ಅಂಚು ಹಿಡಿದು ಇಳಿಯುತ್ತಿತ್ತು. ಒಲೆ ಆರಿಸಿ, ಸೌಟು ಹಾಕಿ ಎತ್ತಲು ಹೋದ. ಕೂದಲು ಸೌಟಿಗೆ ಸುತ್ತಿತು, ಸೌಟಿನಿಂದ ಮಣಿಕಟ್ಟಿಗೆ ಸುತ್ತಿತು. “ಬಿಡು! ಬಿಡು ನನ್ನ!” ಎಂದು ಕೂಗುತ್ತ, ಹಬೆ ಹೋಗಲೆಂದು ಬೀದಿ ಬಾಗಿಲನ್ನು ಕಾಲಿನಿಂದಲೇ ತೆರೆದ.

ಹೊಸ್ತಿಲ ಮೇಲೆ ಒಂದು ಬಿಳಿ ಆಕೃತಿ ನಿಂತಿತ್ತು. ಬಿಳಿ ಬಟ್ಟೆ, ತಲೆಗೆ ಬಿಳಿ ವಸ್ತ್ರ, ಮುಖದಲ್ಲಿ ಹುಬ್ಬೇ ಇಲ್ಲ. ಹಬೆಯೊಳಗೆ ಅದು ಮೆಲ್ಲಗೆ ಬಾಯಿ ತೆರೆಯಿತು.

“ನನ್ನ ಕೂದಲು ಎಲ್ಲಿ?”

ನಿಘಂಟು ಅಲ್ಲೇ ಕುಸಿದ. “ತಾಯೀ, ನಾನಲ್ಲ! ನನ್ನ ಹೆಂಡತಿ! ಅವಳು ಸಂಜೆ ಬರ್ತಾಳೆ, ಅವಳನ್ನೇ ಕೇಳು!”

“ಏಳಪ್ಪ ಮೇಲೆ. ಅಳತೆ ನೋಡೋಕೆ ಸ್ವಲ್ಪ ಬೇಗ ಬಂದೆ,” ಎಂದರು ನರ್ಸಮ್ಮ. ಆಮೇಲೆ ಅವನ ಮಣಿಕಟ್ಟಿಗೆ ಸುತ್ತಿಕೊಂಡಿದ್ದನ್ನು ಕಂಡರು. ಬಗ್ಗಿ ಅದನ್ನು ಮೆಲ್ಲಗೆ ಬಿಡಿಸಿ ತೆಗೆದುಕೊಂಡರು.

ಹೆಂಡತಿ ಬಂದಾಗ ನರ್ಸಮ್ಮ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಸಿಕ್ಕು ಸಿಕ್ಕಾಗಿ ಪಾತ್ರೆ ಉಜ್ಜುವ ನಾರಿನಂತಾಗಿದ್ದ ಕೂದಲ ಉಂಡೆ. ಬೈಯಲಿಲ್ಲ, ಅಳಲಿಲ್ಲ, ಅದನ್ನು ಸುಮ್ಮನೆ ಸವರುತ್ತಿದ್ದರು. ನಿಘಂಟುವಿಗೆ ದೆವ್ವದ ಭಯವೇ ವಾಸಿ ಎನ್ನಿಸಿತು. ಭೂಮಿ ಬಾಯಿಬಿಟ್ಟು ನುಂಗಿದರೆ ಸಾಕು ಎನ್ನುವಷ್ಟು ನಾಚಿಕೆ.

ಹೆಂಡತಿ ಉಂಡೆಯನ್ನು ಬಿಡಿಸಲು ನೋಡಿದಳು. ಆಗಲಿಲ್ಲ. “ಹಿಂದಿನದು ಸರಿಯಿದೆ. ಹಣೆ ಮೇಲಕ್ಕೆ ಮಾತ್ರ ಬೇಕು. ಗಿಡ್ಡ ಕೂದಲಾದ್ರೂ ಸಾಕು. ಆದ್ರೆ ಇದೇ ಬಣ್ಣ, ಗುಂಗುರು... ನಾಳೆಯೊಳಗೆ ಎಲ್ಲಿ ತರಲಿ?” ಎಂದವಳು ತಲೆ ಎತ್ತಿ ಗಂಡನ ಕಡೆ ನೋಡಿದಳು. ನೋಡಿದವಳು ನೋಡುತ್ತಲೇ ಇದ್ದಳು. ನರ್ಸಮ್ಮನೂ ನೋಡಿದರು. ನಿಘಂಟುವಿನ ಕೈ ತಾನಾಗಿಯೇ ತನ್ನ ತಲೆಗೆ ಹೋಯಿತು. ಒಂದು ನರೆ ಇಲ್ಲದೆ, ಕಪ್ಪಗೆ, ಸೊಂಪಾಗಿ, ಹುಟ್ಟಿನಿಂದಲೇ ಗುಂಗುರು.

“ಇದನ್ನ ಕಾಯಿಸೋದೂ ಬೇಡ,” ಎಂದಳು ಹೆಂಡತಿ ಮೆಲ್ಲಗೆ.

ಅವನು ನರ್ಸಮ್ಮನ ಮಡಿಲಲ್ಲಿದ್ದ ಉಂಡೆಯನ್ನು ನೋಡಿದ. ತಾನೇ ಸ್ಟೂಲು ಎಳೆದುಕೊಂಡು ಕೂತ, ಕಣ್ಣು ಮುಚ್ಚಿದ. “ಕತ್ತರಿ ಮಸೆದಿದೀಯ ತಾನೆ?” ಎಂದಷ್ಟೇ ಕೇಳಿದ.

ಮರುದಿನ ಬೆಳಿಗ್ಗೆ ಸಂಪಾದಕಿಗೆ ಕೊಡಬೇಕಾದ ಅರ್ಥ ಸಿದ್ಧವಾಗಿತ್ತು: “ಸಿಮ್ಮರ್: ಕುದಿಯ ಅಂಚಿನಲ್ಲಿ ಹಿಡಿದು ನಿಲ್ಲಿಸು. ಬಳಕೆ: ಮುಚ್ಚಳ ಮುಟ್ಟದವರು ಮಾತ್ರ ಮಾಡಬಹುದು.” ನಿಘಂಟು ಬೋಳುತಲೆ ಹೊತ್ತು ಹಾಲು ತರಲು ಹೋದರೆ ಎದುರುಮನೆ ಮಗು ಚೀರಿ ಒಳಗೋಡಿತು. ಜೊತೆಗೆ ಹೊಸ ಬೋಳಿನ ನವೆ! ರಾತ್ರಿಯಿಂದಲೂ ಕೆರೆದೇ ಕೆರೆದ, ಎಷ್ಟು ಕೆರೆದರೂ ಹೋಗಲಿಲ್ಲ.

ನರ್ಸಮ್ಮ ಬಂದರು. ವಿಗ್ ಇಟ್ಟುಕೊಂಡು ಕನ್ನಡಿ ನೋಡಿದರು. ಗುಂಗುರು ಹಣೆಯ ಮೇಲೆ ಕುಣಿಯುತ್ತಿತ್ತು. ಕಣ್ಣು ತುಂಬಿ ಬಂತು ಆಕೆಗೆ. “ಅಯ್ಯೋ, ನಾನೇ ಕಣಮ್ಮ ಇದು!” ಎಂದು ಖುಷಿಯಲ್ಲಿ ಆ ಗುಂಗುರಿನೊಳಗೆ ಬೆರಳಿಟ್ಟು ಕರಕರನೆ ಕೆರೆದುಕೊಂಡರು.

ಮೂಲೆಯಲ್ಲಿ ನಿಂತಿದ್ದ ನಿಘಂಟುವಿನ ಬೋಳು ನೆತ್ತಿ ಜುಮ್ಮೆಂದಿತು. ರಾತ್ರಿಯಿಂದ ಕಾಡಿದ ನವೆ ತಟ್ಟನೆ ತಣ್ಣಗಾಯಿತು. ಅವನು ಕಣ್ಣು ಮುಚ್ಚಿ, ಗೋಡೆಗೊರಗಿ, ಹಾಯಾಗಿ ಉಸಿರುಬಿಟ್ಟ.

“ನರ್ಸಮ್ಮಾ... ಇನ್ನೊಂಚೂರು ಎಡಕ್ಕೆ!”