ಸಬಾಕ ಕ್ರಸೋಫ್ಕಿ ಎಲ್ಲಿದ್ದರೂ ಬರಬೇಕು

ಶಂಭುಲಿಂಗಯ್ಯ ಮೇಷ್ಟ್ರ ಮರ್ಯಾದೆ ಹೋಗಿದ್ದು ಒಂದೇ ಒಂದು ಹಾಳೆಯಿಂದ. ಕಾಲೇಜು ಓದುವಾಗ ತಿಪಟೂರಿಗೆ ಬಂದಿದ್ದ ಪುಸ್ತಕದ ವ್ಯಾನಿನಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ಅವರೊಂದು ರಷ್ಯನ್ ಬಾಲಬೋಧೆ ಕೊಂಡಿದ್ದರು. ಅವರು ಓದುವುದಕ್ಕೆ ಮೊದಲೇ ಅದನ್ನು ಗೆದ್ದಲು ಓದಿ ಮುಗಿಸಿತು. ಉಳಿದದ್ದು ಚಪ್ಪಲಿ ಅಂಗಡಿಯ ಪಾಠದ ಹಾಳೆ ಮಾತ್ರ. ಬೂಟು, ಹೆಂಗಸರ ಷೂ, ಮಂಜಿನಲ್ಲಿ ಹಾಕುವ ಉಣ್ಣೆಯ ಜೋಡು, ಒಂದೊಂದು ಚಿತ್ರದ ಕೆಳಗೂ ಅದರ ರಷ್ಯನ್ ಹೆಸರು. ಮೇಷ್ಟ್ರು ಅಷ್ಟನ್ನೇ ಬಾಯಿಪಾಠ ಮಾಡಿಕೊಂಡು, "ನನಗೆ ರಷ್ಯನ್ನೂ ಬರ್ತದೆ" ಎಂದು ನಲವತ್ತು ವರ್ಷ ಹೇಳಿಕೊಂಡು ಬಂದರು. ನಿವೃತ್ತಿಯ ಸನ್ಮಾನಪತ್ರದಲ್ಲೂ ಅದು ಅಚ್ಚಾಯಿತು. ಹಾಲ್ಕುರಿಕೆ ದಾರಿಯ ಆ ಸಣ್ಣ ಊರಿನಲ್ಲಿ ಅವರನ್ನು ಪರೀಕ್ಷೆ ಮಾಡುವವರು ಯಾರಿದ್ದರು?

ಮೊನ್ನೆ ಸೋಮವಾರ ಒಬ್ಬರು ಬಂದರು.

ಹನ್ನೊಂದು ಗಂಟೆಗೆ, ಈಶ್ವರನ ಗುಡಿಯ ಉಸ್ತುವಾರಿ ನೋಡಿಕೊಳ್ಳುವ ಲಕ್ಷ್ಮಯ್ಯ ಮೊಪೆಡ್ಡಿನಲ್ಲಿ ಬಂದು ಬಾಗಿಲಲ್ಲೇ ಕೂಗಿದ. "ಮೇಷ್ಟ್ರೇ, ಬೇಗ ಹತ್ತಿ. ಗುಡಿ ತಾವ ರಷ್ಯಾದ ಹೆಣ್ಮಗಳೊಬ್ಳು ಅಳ್ತಾವ್ಳೆ. ಕಾರು ಪಂಚರ್ ಆಗಿ, ಡ್ರೈವರ್ರು ಚಕ್ರ ತಗೊಂಡು ತಿಪಟೂರಿಗೆ ಹೋಗವ್ನೆ. ಇವಳು ಗುಡಿ ನೋಡ್ಕೊಂಡು ಈಚೆ ಬಂದೋಳು ಒಂದೇ ಸಮ ಏನೋ ಹೇಳ್ತಾವ್ಳೆ. ಯಾರಿಗೂ ತಿಳೀತಿಲ್ಲ."

ಮೇಷ್ಟ್ರ ಬಾಯಿ ಕೊಬ್ಬರಿ ಗಿಟುಕಿನಂತೆ ಒಣಗಿತು. "ಯಾಕೋ ಮೈ ಸರಿಯಿಲ್ಲ ಲಕ್ಷ್ಮಯ್ಯ."

"ಈಗಿನ್ನೂ ಆರು ಇಡ್ಲಿ ತಿಂದ್ರಲ್ಲ!" ಎಂದರು ಒಳಗಿನಿಂದ ಹೆಂಡತಿ ಪುಟ್ಟಗಂಗಮ್ಮ. "ಹೋಗ್ಬನ್ನಿ. ಪಾಪ, ಯಾವ ತಾಯಿ ಮಗಳೋ."

ಗುಡಿಯ ಅಂಗಳದಲ್ಲಿ ಮೂವತ್ತು ಜನ ಸೇರಿದ್ದರು. ನಡುವೆ ಕೆಂಪು ಮುಖದ ಹೆಂಗಸು, ಕೈಯಲ್ಲಿ ಯಾರೋ ಕೊಟ್ಟ ಮೂರನೆಯ ಎಳನೀರು. ಜನ ದಾರಿ ಬಿಟ್ಟರು. ಮೇಷ್ಟ್ರು ಕೈಮುಗಿದು, ಬಂದದ್ದನ್ನೇ ಕೇಳಿದರು.

"ತೂಫ್ಲಿ?"

ಅವಳು ಕಣ್ಣರಳಿಸಿ, ಅಲ್ಲವೆಂದು ತಲೆಯಾಡಿಸಿದಳು. "ನ್ಯೆತ್."

"ಸಪಗೀ? ಗಲೋಷಿ? ವಾಲೆಂಕಿ?"

"ನ್ಯೆತ್, ನ್ಯೆತ್! ಕ್ರಸೋಫ್ಕಿ! ಸಬಾಕ! ಕ್ರಸೋಫ್ಕಿ!" ಅವಳು ತನ್ನ ಕಾಲು ತೋರಿಸಿದಳು, ಆಮೇಲೆ ಪಕ್ಕದ ತೆಂಗಿನ ತೋಟ ತೋರಿಸಿದಳು. ಗುಡಿಯಲ್ಲಿ ಎಲ್ಲರೂ ಬರಿಗಾಲಲ್ಲೇ ಇದ್ದುದರಿಂದ ಅವಳ ಬರಿಗಾಲು ಯಾರಿಗೂ ವಿಶೇಷವೆನಿಸಲಿಲ್ಲ.

"ನೋಡ್ರಲಾ, ಹೆಂಗ್ ಮಾತಾಡ್ತಾವ್ರೆ ನಮ್ಮ ಮೇಷ್ಟ್ರು!" ಎಂದ ಬೆಟ್ಟಸ್ವಾಮಿ. ಅವರ ಹಳೆಯ ಶಿಷ್ಯ.

ಮೇಷ್ಟ್ರು ಲೆಕ್ಕ ಹಾಕಿದರು. ಪಾದರಕ್ಷೆಯ ಹೆಸರೆಲ್ಲ ತನಗೆ ಗೊತ್ತು, ಇದು ಅದರಲ್ಲಿಲ್ಲ. ಅಂದ ಮೇಲೆ ಇದು ಪಾದರಕ್ಷೆಯ ವಿಷಯವಂತೂ ಅಲ್ಲ. ಕೇಳಿದರೆ ಮನೆತನದ ಹೆಸರಿನಂತಿದೆ. ಅವರು ಗಂಟಲು ಸರಿಮಾಡಿಕೊಂಡರು. "ಇವರ ಯಜಮಾನರು ಕಳೆದುಹೋಗಿದಾರೆ. ಹೆಸರು ಸಬಾಕ, ಮನೆತನ ಕ್ರಸೋಫ್ಕಿ. ನಡ್ಕೊಂಡೇ ತೋಟದ ಕಡೆ ಹೋದರಂತೆ."

ಲಕ್ಷ್ಮಯ್ಯನ ಮೊಮ್ಮಗಳು ಧನ್ಯಶ್ರೀ ಮೊಬೈಲ್ ಹಿಡಿದು ಬಂದಳು. "ಸಾರ್, ಇದ್ರಲ್ಲಿ ಮಾತಾಡಿದ್ರೆ ಕನ್ನಡಕ್ಕೆ ಮಾಡಿ ಹೇಳುತ್ತೆ."

"ಮಷೀನಿಗೆ ಮನಸ್ಸಿನ ನೋವು ತಿಳಿಯಲ್ಲಮ್ಮ. ಒಳಗಿಡು."

ಲಕ್ಷ್ಮಯ್ಯ ಗುಡಿಯ ಮೈಕು ಹಾಕಿದ. "ಸಬಾಕ ಕ್ರಸೋಫ್ಕಿಯವರೇ, ತಾವು ಎಲ್ಲಿದ್ದರೂ ಕೂಡಲೇ ಗುಡಿ ಹತ್ತಿರ ಬರಬೇಕು. ನಿಮ್ಮ ಧರ್ಮಪತ್ನಿ ಅಳುತ್ತಿದ್ದಾರೆ."

ಹೆಂಗಸು ಅಳು ನಿಲ್ಲಿಸಿ, ಬಾಯಿ ತೆರೆದು ಮೈಕಿನ ಕಡೆ ನೋಡಿದಳು.

"ಗಂಡನ ಹೆಸ್ರು ಕೇಳುತ್ಲೂ ಜೀವ ಬಂತು ನೋಡಿ" ಎಂದ ಲಕ್ಷ್ಮಯ್ಯ.

ಊರಿಗೆ ಊರೇ ಹುಡುಕಲು ಹೊರಟಿತು. ಕೊಬ್ಬರಿ ಅಟ್ಟ ಹತ್ತಿದರು, ಮಟ್ಟೆ ರಾಶಿ ಕೆದಕಿದರು. ಬೆಟ್ಟಸ್ವಾಮಿ ತೋಟದಿಂದ ಬೆಳ್ಳಗಿನವನೊಬ್ಬನನ್ನು ಬೈಕಿನಲ್ಲಿ ಕೂರಿಸಿಕೊಂಡೇ ಬಂದ. "ನಾನು ತಿಪಟೂರು ಫೈಸಲ್ ಕಣ್ರೀ! ಮೋಟ್ರು ರಿಪೇರಿಗೆ ಬಂದಿದ್ದೆ" ಎಂದು ಆತ ಗೋಗರೆಯುತ್ತಿದ್ದ. ಅಷ್ಟರಲ್ಲಿ ಯಾರೋ ಬಾವಿಗೆ ಪಾತಾಳಗರಡಿ ಇಳಿಸಿದರು. ಅದು ತಳ ಕೆರೆಯುವ ಸದ್ದು ಕೇಳಿ ಮೇಷ್ಟ್ರು, ಈಗಲಾದರೂ ನಿಜ ಹೇಳಿಬಿಡೋಣ ಎಂದುಕೊಂಡರು. ಆದರೆ ಬಾಯಿಂದ ಬಂದದ್ದು "ಹಗ್ಗ ಜೋಪಾನ ಕಣ್ರೋ" ಎಂಬ ಮಾತು.

ಕಂಬದ ಮರೆಯಲ್ಲಿ ಧನ್ಯಶ್ರೀ ಮೊಬೈಲನ್ನು ಆ ಹೆಂಗಸಿನ ಬಾಯಿಗೆ ಹಿಡಿದಿದ್ದಳು. ಅಲ್ಲಿಂದಲೇ ಕೂಗಿದಳು. "ತಾತಾ! ಇವ್ರ ಗಂಡ ಬಂದೇ ಇಲ್ವಂತೆ! ಇವ್ರ ಸ್ಪೋರ್ಟ್ಸ್ ಷೂನ ನಾಯಿ ಕಚ್ಕೊಂಡು ಹೋಯ್ತಂತೆ. ಕ್ರಸೋಫ್ಕಿ ಅಂದ್ರೆ ಷೂ. ಸಬಾಕ ಅಂದ್ರೆ ನಾಯಿ."

ಮೈಕು ಇನ್ನೂ ಆನ್ ಇತ್ತು. ಹೊಲದಲ್ಲಿದ್ದವರಿಗೂ ಕೇಳಿಸಿತು.

"ಇನ್ನೊಂದು ಕೇಳ್ತಿದಾರೆ ತಾತಾ. ಈ ಸಾರ್ ತನಗೆ ಬೂಟು ಮಾರೋಕೆ ಯಾಕೆ ನೋಡ್ತಿದ್ರು ಅಂತ."

ಮೇಷ್ಟ್ರ ತಲೆ ಬಗ್ಗಿತು. "ನಂಗೆ ಬರೋದು ಒಂದು ಹಾಳೆ ಕಣ್ರಪ್ಪ. ಬರೀ ಚಪ್ಪಲಿ ಹೆಸರು. ಹಳೇ ಪುಸ್ತಕ, ಅದ್ರಲ್ಲಿ ಈ ಷೂ ಇರಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಬೆಟ್ಟಸ್ವಾಮಿ ಮೆಲ್ಲಗೆ ಹೇಳಿದ: "ಓದ್ದೆ ಬಂದ್ರೆ ನಮ್ಮನ್ನ ಬಿಸಿಲಲ್ಲಿ ನಿಲ್ಲಿಸ್ತಿದ್ರಲ್ಲ ಸಾ."

ಮೇಷ್ಟ್ರು ಗುಡಿಯೊಳಗೆ ಹೋಗಿ, ಮೂಲೆಯಲ್ಲಿ ಈಶ್ವರನಿಗೆ ಎದುರಾಗಿ ಕೂತುಬಿಟ್ಟರು. ಹೊರಗೆ ಷೂ ಸಿಕ್ಕಿದ ಗದ್ದಲ ಕೇಳಿಸಿತು. ನಾಯಿ ಅದನ್ನು ತೆಂಗಿನ ನಾರಿನಂತೆ ಸಿಗಿದಿತ್ತಂತೆ. ಚಕ್ರ ಬಂತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಎಲ್ಲ ಸದ್ದಡಗಿದ ಮೇಲೆ ಮೇಷ್ಟ್ರು ಕಳ್ಳನಂತೆ ಹೊರಗೆ ಬಂದರು. ಕಾರು ಆಗಷ್ಟೇ ಹೊರಡುತ್ತಿತ್ತು. ಹೆಂಗಸು ಅವರನ್ನು ನೋಡಿ ಕಿಟಕಿಯಿಂದ ಕೈಬೀಸಿದಳು, ತನ್ನ ಕಾಲಿನತ್ತ ಬೆರಳು ಮಾಡಿ ನಗುತ್ತಾ ಕೂಗಿದಳು:

"ತಾಪಚ್ಕಿ! ತಾಪಚ್ಕಿ!"

ಮೇಷ್ಟ್ರ ಮೈ ಜುಮ್ಮೆಂದಿತು. ಗಾಬರಿಯಲ್ಲಿ ಬೆಳಿಗ್ಗೆ ಅವರು ಕೇಳುವುದನ್ನೇ ಮರೆತ ಪದ ಅದು, ಹಾಳೆಯ ಕೊನೆಯ ಚಿತ್ರದ್ದು. ನಲವತ್ತು ವರ್ಷದಲ್ಲಿ ಮೊದಲ ಸಲ ರಷ್ಯನ್ನರ ಮಾತು ಅವರಿಗೆ ಅರ್ಥವಾಗಿತ್ತು.

"ಏನಂದ್ಲು ಮೇಷ್ಟ್ರೇ? ಇದೂ ಗೊತ್ತಿಲ್ವಾ?" ಎಂದ ಬಾಗಿಲು ಹಾಕಲು ನಿಂತಿದ್ದ ಲಕ್ಷ್ಮಯ್ಯ.

"ಗೊತ್ತು ಕಣಯ್ಯ. ಚಪ್ಪಲಿ ಅಂದ್ಲು."

"ಓ, ಅದಾ. ಬರಿಗಾಲಲ್ಲಿ ಹೆಂಗ್ ಕಳ್ಸೋದು ಪಾಪ ಅಂತ ನಾನೇ ಕೊಟ್ಟೆ. ಎಲ್ರೂ ತಂತಮ್ಮದು ಹಾಕ್ಕೊಂಡ್ ಹೋದ್ಮೇಲೂ ಮೆಟ್ಲು ತಾವ ಒಂದ್ ಜೊತೆ ಉಳ್ಕೊಂಡಿತ್ತು. ಯಾರ್ದೋ ಏನೋ, ಬುಡಿ."

ಮೇಷ್ಟ್ರು ಬರಿದಾದ ಮೆಟ್ಟಿಲು ನೋಡಿದರು. ಆಮೇಲೆ, ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ಕಾರು ನೋಡಿದರು. ಟಾರು ರಸ್ತೆ ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು.

"ನಂದು" ಎಂದರು.