ಕುರ್ಡಿಗೆ ಹೋದ ಲಕೋಟೆ

ವಿರೂಪಣ್ಣನವರು ಲಿಂಗೈಕ್ಯರಾದ ಸುದ್ದಿ ರಾಯಚೂರಿನ ಕಾಲುವೆ ಕಚೇರಿಗೆ ಮುಟ್ಟಿದ್ದು 1989ರ ಒಂದು ಸೋಮವಾರ, ಬೆಳಗಿನ ಹತ್ತೂವರೆಗೆ. ಕುರ್ಡಿಯಿಂದ ಬಂದವನು ಬಾಗಿಲಲ್ಲೇ ನಿಂತು, "ನಿಮ್ಮ ಹಳೇ ಹೆಡ್ ಕ್ಲಾರ್ಕ್ ಸಾಹೇಬ್ರು ನಸುಕಿನ್ಯಾಗ ಹೋಗಿಬಿಟ್ರು. ಸಂಜಿ ನಾಕಕ್ಕ ಮಣ್ಣು," ಎಂದು ಹೇಳಿ, ನೀರೂ ಕುಡಿಯದೆ ಮುಂದಿನ ಮನೆಗೆ ಸುದ್ದಿ ಮುಟ್ಟಿಸಲು ಹೊರಟುಹೋದ.

ಗುಮಾಸ್ತ ತಾಯಣ್ಣ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟ. ಹದಿನೈದು ವರ್ಷದ ಹಿಂದೆ ಗುಂಜಹಳ್ಳಿಯಿಂದ ಬಂದ ಅವನನ್ನು, ಕೂಲಿಯವರ ಮಗನೆಂದು ಉಳಿದವರು ಬಾಗಿಲ ಬಳಿ ಕೂರಿಸಿದ್ದರು. ವಿರೂಪಣ್ಣನವರು ತಮ್ಮ ಮೇಜಿನ ಪಕ್ಕದಲ್ಲೇ ಅವನಿಗೆ ಕುರ್ಚಿ ಹಾಕಿಸಿ, 'ಮಾನ್ಯರೇ' ಎಂದು ಪತ್ರ ಶುರು ಮಾಡುವುದರಿಂದ ಹಿಡಿದು ಟಾಚಣಿ ಚುಚ್ಚುವವರೆಗೆ ಎಲ್ಲವನ್ನೂ ಕಲಿಸಿದ್ದರು. ಅಂಥವರ ಮಣ್ಣಿನ ಹೊತ್ತಿಗೆ ಕಚೇರಿಯ ಸಂತಾಪ ಪತ್ರ ಮುಟ್ಟಬೇಕು, ಅದರಲ್ಲಿ ಒಂದಕ್ಷರವೂ ತಪ್ಪಿರಬಾರದು ಎಂದು ನಿಶ್ಚಯಿಸಿ ತಾಯಣ್ಣ ಮಸಿ ಪೆನ್ನು ತೆಗೆದ.

"ಪೆನ್ ಯಾಕ ತಗದ್ರಿ?" ಎಂದರು ಹಿಂದೆ ನಿಂತಿದ್ದ ಕಚೇರಿಯ ಮೇಲಧಿಕಾರಿ ಸಾಹೇಬರು. "ಒಳಗ ಯಂತ್ರ ಯಾತಕ್ಕ ಬಂದದ? ಹೈದರಾಬಾದಿಗಿ ಎಂಟು ದಿನ ಟ್ರೇನಿಂಗ್ ಕಳಿಸಿದ್ದು ಬಿರಿಯಾನಿ ತಿಂದು ಬರ್ರಿ ಅಂತೇನು?"

ತೊಂದರೆಯೆಲ್ಲ ಹುಟ್ಟಿದ್ದು ಅಲ್ಲಿಂದ.

ಆ ಯಂತ್ರ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರು. ತಿಂಗಳಿಂದ ಒಳಕೋಣೆಯಲ್ಲಿ ಹೊಸ ಮದುಮಗಳಂತೆ ಮುಸುಕು ಹಾಕಿಕೊಂಡು ಕೂತಿತ್ತು. ಮುಸುಕು ತೆಗೆದರೆ ಪರದೆಯ ಮೇಲೆ ಚೌಕ ಚೌಕವಾದ ಕಿಟಕಿಗಳು. ಒಂದೊಂದು ಕಿಟಕಿಯಲ್ಲಿ ಒಂದೊಂದು ಕೆಲಸ. ಮೌಸ್ ಎಂಬ ಬಾಲದ ಡಬ್ಬಿಯನ್ನು ಮೇಜಿನ ಮೇಲೆ ಉಜ್ಜಿದರೆ ಪರದೆಯಲ್ಲಿ ಬಾಣವೊಂದು ಓಡಾಡುತ್ತಿತ್ತು.

ಬಲಗಡೆಯ ಕಿಟಕಿಯಲ್ಲಿ ಆಗಲೇ ಒಂದು ಪತ್ರವಿತ್ತು. ದೇವದುರ್ಗದ ನೀರಗಂಟಿ ಗದ್ದೆಪ್ಪ ಹೇಳದೆ ಕೇಳದೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಕ್ಕೆ ಬರೆದ ಖಡಕ್ ನೋಟೀಸು. ತಾಯಣ್ಣ ಎಡಗಡೆ ಇನ್ನೊಂದು ಕಿಟಕಿ ತೆರೆದು, ಕಣ್ಣೊರೆಸಿಕೊಂಡು, ಕೀಲಿಗಳನ್ನು ನೋಡುತ್ತ ನಾಲ್ಕು ಸಾಲು ಬಡಿದ. ತಲೆಯೆತ್ತಿದರೆ ಎಡಗಡೆ ಬರೀ ಬಯಲು. ಗದ್ದೆಪ್ಪನ ನೋಟೀಸಿನ ಕೊನೆಗೆ 'ತಾವು ನಮಗೆ ತಂದೆಯ ಸಮಾನರಾಗಿದ್ದಿರಿ' ಎಂದು ಮೂಡಿತ್ತು.

"ಛೀ, ಇದರ! ಬಾಣ ಯಾವ ಕಿಡಕಿ ಮ್ಯಾಲ ನಿಂತದೋ ಅದಕ್ಕ ಹೋಗ್ತಾವ ಅಕ್ಷರ," ಎಂದು ಗೊಣಗಿ, ಅಷ್ಟನ್ನೂ ಅಳಿಸಿ, ಬಾಣವನ್ನು ಎಡಕ್ಕೆ ತಂದು ಮತ್ತೆ ಮೊದಲಿನಿಂದ ಬರೆದ. ಬರೆದು ಮುಗಿಸಿ ತಾನೇ ಎರಡು ಸಲ ಓದಿಕೊಂಡ. ಅಷ್ಟು ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ಕಸ ಹೊಡೆಯುವ ಮೂಕಮ್ಮ ಒದ್ದೆ ಅರಿವೆ ಹಿಡಿದು ಬಂದು ಮೇಜು ಒರೆಸಿದಳು, ಜೊತೆಗೆ ಮೌಸನ್ನೂ ಒರೆಸಿದಳು. ಟಿಕ್ ಎಂದಿತು. ಸಂತಾಪ ಪತ್ರ ಮಾಯ.

"ಯಪ್ಪಾ, ಹೋತು!"

"ಮತ್ತ ಯಾರು ಹೋದ್ರು?" ಎಂದು ರವಾನೆ ಗುಮಾಸ್ತ ಬುರ್ಹಾನುದ್ದೀನ್ ಓಡಿ ಬಂದ.

"ಪತ್ರ ಹೋತು ಭಾಯ್! ಇಲ್ಲೇ ಇತ್ತು."

"ಹೋಗ್ತದ ಎಲ್ಲಿಗಿ? ಫೈಲಿನ ಕೆಳಗ ಫೈಲ್ ಇರೂದಿಲ್ಲೇನು? ಮ್ಯಾಲಿಂದು ಸರಸ್ರಿ."

ನೋಟೀಸನ್ನು ಸರಿಸಿದರು, ಅದರ ಕೆಳಗೆ ಗಡಿಯಾರದ ಕಿಟಕಿ ಸಿಕ್ಕಿತು, ಹನ್ನೊಂದೂವರೆ ತೋರಿಸುತ್ತಿತ್ತು. ಗಡಿಯಾರವನ್ನು ಸರಿಸಿದರು, ಅದರ ಕೆಳಗೆ ಏನೂ ಇಲ್ಲ. ಬುರ್ಹಾನುದ್ದೀನ್ ಯಂತ್ರದ ಹಿಂದೆ ಹೋಗಿ, ಬಾವಿಯಲ್ಲಿ ಕೊಡ ಬೀಳಿಸಿಕೊಂಡವರ ಹಾಗೆ ಬಗ್ಗಿ ನೋಡಿ, "ಹಿಂದಕ್ಕೂ ಬಿದ್ದಿಲ್ಲ," ಎಂದ.

"ನಾ ಹೇಳ್ತೀನಂತ ಸಿಟ್ಟಾಗಬ್ಯಾಡ್ರಿ," ಎಂದಳು ಮೂಕಮ್ಮ. "ಆ ಮೂಲ್ಯಾಗ ಪೋಸ್ಟಿನ ತಿಕೀಟ್ ಇದ್ದಂಗ ಸಣ್ಣದೊಂದು ಕುಂತದಲ್ಲ, ಅದೇನ್ರೀ?"

ತಾಯಣ್ಣ ಅದರ ಮೇಲೆ ಬಾಣವಿಟ್ಟು ಒತ್ತಿದ. ತಿಕೀಟು ಅರಳಿ ಪತ್ರವಾಯಿತು.

"ಎಂಟು ದಿನ ಹೈದರಾಬಾದಿಗಿ ನನ್ನ ಕಳಿಸಬೇಕಾಗಿತ್ತು," ಎಂದು ಮೂಕಮ್ಮ ಅರಿವೆ ಹಿಂಡುತ್ತ ಹೋದಳು.

ಈಗ ಹೊತ್ತಿರಲಿಲ್ಲ. ಹನ್ನೆರಡರ ಬಸ್ಸಿಗೆ ದೇವದುರ್ಗದ ಟಪಾಲು, ಒಂದಕ್ಕೆ ಕುರ್ಡಿಗೆ ಜೀಪು. ತಾಯಣ್ಣ ಎಡಗಡೆಯ ಸಂತಾಪ ಪತ್ರದ ಮೇಲೆ ಒತ್ತಿ ಅದನ್ನು ಎಲ್ಲಕ್ಕಿಂತ ಮುಂದೆ ತಂದ. ಲಕೋಟೆ ಇಡಲು ಜಾಗ ಬೇಕೆಂದು ಮೌಸನ್ನು ಬಲಕ್ಕೆ ಸರಿಸಿ, ಕೀಲಿ ಬಡಿದು ಅಚ್ಚಿನ ಆಜ್ಞೆ ಕೊಟ್ಟ. ಆಮೇಲೆ ಬಲಗಡೆಯ ನೋಟೀಸನ್ನು ಮುಂದೆ ತಂದು, ಎರಡನೆಯ ಲಕೋಟೆಗೆಂದು ಮೌಸನ್ನು ಎಡಕ್ಕೆ ಸರಿಸಿ, ಮತ್ತೊಮ್ಮೆ ಆಜ್ಞೆ ಕೊಟ್ಟ. ಪಕ್ಕದ ಕೋಣೆಯಲ್ಲಿ ಮುದ್ರಣಯಂತ್ರ ಜೋಳ ಹುರಿದಂತೆ ಸದ್ದು ಮಾಡಿತು.

"ಭಾಯ್, ಮೊದಲು ಬಂದದ್ದು ಕುರ್ಡಿಗಿ, ಎರಡನೇದು ದೇವದುರ್ಗಕ್ಕ!" ಎಂದು ಕೂಗಿದ.

ಬುರ್ಹಾನುದ್ದೀನ್ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವನು. ಕನ್ನಡದಲ್ಲಿ ಊರಿನ ಹೆಸರುಗಳಷ್ಟೇ ಅವನಿಗೆ ಬರುತ್ತಿದ್ದವು. ಆ ಕಚೇರಿಯಲ್ಲಿ ಪತ್ರದೊಳಗೆ 'ಮಾನ್ಯರೇ' ಎಂದಷ್ಟೇ ಇದ್ದು ಹೆಸರು ವಿಳಾಸ ಲಕೋಟೆಯ ಮೇಲಿರುತ್ತಿತ್ತು. ಸಂತಾಪದ ಪತ್ರವನ್ನು ಸಾವಿನ ಮನೆಯವರಿಗಿಂತ ಮೊದಲು ಯಾರೂ ಓದಬಾರದು ಎಂಬುದೂ ಅಲ್ಲಿನ ರೂಢಿ. ಅದನ್ನು ಹಾಕಿಕೊಟ್ಟವರೂ ವಿರೂಪಣ್ಣನವರೇ. ಹಾಗಾಗಿ ಹಾಳೆಯನ್ನು ಸಹಿಯ ಜಾಗ ಮಾತ್ರ ಕಾಣುವಂತೆ ಮಡಚಿ ಸಾಹೇಬರ ಮುಂದಿಟ್ಟರು. ಸಾಹೇಬರು ಎಂದೂ ಓದಿ ಸಹಿ ಮಾಡಿದವರಲ್ಲ. ಅಂದು ಮಾತ್ರ, ಸತ್ತವರ ಗೌರವಕ್ಕೆಂದು, ಬೂಟು ಕಳಚಿಟ್ಟು ಓದದೆ ಸಹಿ ಮಾಡಿದರು.

ಕುರ್ಡಿಯಲ್ಲಿ ವಿರೂಪಣ್ಣನವರನ್ನು ವಿಭೂತಿ ಹಚ್ಚಿ, ಹೂವು ಹಾಕಿ ಗದ್ದುಗೆಯ ಮೇಲೆ ಕೂರಿಸಿದ್ದರು. ಊರೆಲ್ಲ ನೆರೆದಿತ್ತು. ತಾಯಣ್ಣನೂ ಜೀಪಿನಲ್ಲಿ ಸಾಹೇಬರ ಜೊತೆ ಬಂದಿದ್ದ. ಸಾಹೇಬರು ಲಕೋಟೆಯನ್ನು ಎರಡೂ ಕೈಯಿಂದ ವಿರೂಪಣ್ಣನವರ ಹೆಂಡತಿ ಅಂಬಮ್ಮನವರಿಗೆ ಕೊಟ್ಟರು. ಅವರು ಅದನ್ನು ಗಡಿಗೆಪ್ಪ ಮಾಸ್ತರರ ಕೈಗಿತ್ತರು. ಮಾಸ್ತರರು ಕನ್ನಡಕ ಏರಿಸಿ, ಶಾಲೆಯ ಕಂಠದಲ್ಲಿ ಓದಿದರು:

"ಮಾನ್ಯರೇ, ತಾವು ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯದೆ, ಯಾರಿಗೂ ತಿಳಿಸದೆ ಹೊರಟುಹೋಗಿರುತ್ತೀರಿ. ತಾವಿಲ್ಲದೆ ಇಲ್ಲಿನ ಕೆಲಸ ನಿಂತಿರುತ್ತದೆ. ಈ ಪತ್ರ ತಲುಪಿದ ಮೂರು ದಿನದೊಳಗಾಗಿ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಯಾವ ಸಬೂಬನ್ನೂ ಕೇಳಲಾಗುವುದಿಲ್ಲ."

ತಾಯಣ್ಣನಿಗೆ ಕಾಲ ಕೆಳಗಿನ ನೆಲ ಕುಣಿಯನ್ನು ಹುಡುಕಿಕೊಂಡು ಹೋದಂತಾಯಿತು. ತಾನು ಮುಂದೆ ತಂದದ್ದು ಒಂದು ಕಿಟಕಿ, ಬಾಣ ನಿಂತಿದ್ದು ಇನ್ನೊಂದರ ಮೇಲೆ!

ಅಂಬಮ್ಮನವರು ಎದ್ದು ಮಾಸ್ತರರ ಕೈಯಿಂದ ಕಾಗದ ತೆಗೆದುಕೊಂಡರು.

"ಕೇಳಿದ್ರೇನ್ರೀ?" ಎಂದು ಗಂಡನ ಮುಖ ನೋಡಿ ಹೇಳಿದರು. "ರಿಟೈರಾಗಿ ಮೂರು ವರ್ಷ ದಿನಾ ಕಟ್ಟಿ ಮ್ಯಾಲ ಕುಂತು, 'ಕಚೇರಿಯಾಗ ಏನರ ತೊಡಕಾದ್ರ ನನಗ ಕರೀ ಕಳಸ್ತಾರ ನೋಡು' ಅಂತಿದ್ರಿ. ಕಡಿಗಿ ಬಂತು ನೋಡ್ರಿ ಕರಿ. ನೀವಿಲ್ಲದ ಕೆಲಸ ನಿಂತದಂತ."

ಕಾಗದವನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ನೆರೆದವರೆಲ್ಲ ಗೊಳೋ ಎಂದು ಅತ್ತರು. "ಸರ್ಕಾರಕ್ಕೂ ಕರುಳು ಇರ್ತದ," ಎಂದರು ಯಾರೋ.

ಸಾಹೇಬರು ಕರವಸ್ತ್ರದ ಮರೆಯಲ್ಲಿ ತಾಯಣ್ಣನ ಕಿವಿಗೆ ಬಾಗಿದರು. "ಹಂಗಾದ್ರ ಸಂತಾಪದ ಪತ್ರ?"

"ದೇವದುರ್ಗದಾಗ್ರೀ. ಇಷ್ಟೊತ್ತಿಗಿ ಗದ್ದೆಪ್ಪನ ಕೈಯಾಗ."

"ತಾವು ನಮ್ಮನ್ನಗಲಿದ್ದು ತುಂಬಲಾರದ ನಷ್ಟ ಅಂತ ನಾ ಸಹಿ ಮಾಡಿ ಕೊಟ್ಟ ಮ್ಯಾಲ, ಅವ ಇನ್ನ ಡ್ಯೂಟಿಗಿ ಯಾಕ ಬರ್ತಾನ್ರೀ? ನಾಳಿ ನಿಮಗೊಂದು ನೋಟೀಸು ಅದ. ನೀವ ಬರೀರಿ. ಅದೇ ಯಂತ್ರದಾಗ."

"ಹೂನ್ರೀ," ಎಂದ ತಾಯಣ್ಣ. ಸರದಿ ಬಂದಾಗ ಮುಂದೆ ಹೋಗಿ ಮೂರು ಹಿಡಿ ಮಣ್ಣು ಹಾಕಿ, ಕೈಮುಗಿದು ಮನಸ್ಸಿನಲ್ಲೇ ಬೇಡಿಕೊಂಡ:

ಶಿವನೇ, ಮೂವತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದ ಜೀವವಲ್ಲ ಅದು. ಕೈಯಲ್ಲಿ ಸರ್ಕಾರಿ ಆಜ್ಞೆ ಹಿಡಿದು ಬಂದಿದೆ. ಓದಿದರೆ ಮೂರು ದಿನದೊಳಗೆ ವಾಪಸು ಹೊರಟೀತು. ಬಿಡಬೇಡ, ತಂದೆ. ಆ ಗಡುವನ್ನು ಮನ್ನಾ ಮಾಡಿ ನಿನ್ನ ಪಾದದ ಬಳಿ ಕೂರಿಸಿಕೋ. ಇಲ್ಲಿನ ತಪ್ಪಿಗೆ ನಾನು ಜವಾಬು ಕೊಡುತ್ತೇನೆ. ದುಡಿದು ದಣಿದ ಆ ಆತ್ಮಕ್ಕೆ ಶಾಂತಿ ಕೊಡು.